ಕೋಟೆ ಹತ್ತುವ ಮುನ್ನ ಇನ್ಸುಲಿನ್ ಚೀಲ

ರಜೆಯಲ್ಲಿ ಹೊಸದುರ್ಗ, ಹೊಳಲ್ಕೆರೆ ಕಡೆಯಿಂದ ಚಿತ್ರದುರ್ಗದ ಕೋಟೆಗೆ, ಹಾಗೆಯೇ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೊರಟಿದ್ದೀರಾ? ಇನ್ಸುಲಿನ್ ತೆಗೆದುಕೊಳ್ಳುವವರೂ ಧೈರ್ಯವಾಗಿ ಹೊರಡಿ. ಔಷಧವನ್ನು ಮಾತ್ರ ಕಾರಿನ ಡಿಕ್ಕಿಗೆ ಹಾಕಬೇಡಿ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರು ಒಲೆಯಂತೆ ಕಾಯುತ್ತದೆ. ಕಾವು ತಗುಲಿದ ಇನ್ಸುಲಿನ್ ನೋಡಲು ಮೊದಲಿನಂತೆಯೇ ಇದ್ದರೂ ಬಲ ಕಳೆದುಕೊಂಡಿರಬಹುದು. ಬಳಕೆಯಲ್ಲಿರುವ ಪೆನ್ನು, ಬಾಟಲಿ 30 ಡಿಗ್ರಿಯೊಳಗಿದ್ದರೆ ಸಾಮಾನ್ಯವಾಗಿ 28 ದಿನ ಬರುತ್ತದೆ. ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟು ಕೈಚೀಲದಲ್ಲೇ ಒಯ್ಯಿರಿ. ಮಂಜುಗಡ್ಡೆಗೆ ತಾಗಿಸಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಕೆಲಸಕ್ಕೆ ಬಾರದು.

ನನಗೆ ಹೆಚ್ಚು ಕಳವಳ ಹತ್ತುವಾಗಿನದು. ಏಳು ಸುತ್ತಿನ ಕೋಟೆಯ ಬಂಡೆ ಮೆಟ್ಟಿಲು ಏರುತ್ತಿದ್ದಂತೆ ರಕ್ತದ ಸಕ್ಕರೆ ಇಳಿಯುತ್ತದೆ. ತೊಡೆಗೆ ಚುಚ್ಚಿಕೊಂಡು ಕೂಡಲೇ ನಡೆದರೆ ಇನ್ನೂ ಬೇಗ. ಬಾಗಿಲಲ್ಲೇ ಒಮ್ಮೆ ಪರೀಕ್ಷಿಸಿಕೊಳ್ಳಿ. ಕೈ ನಡುಗಿ ತಣ್ಣನೆ ಬೆವರಿದರೆ, ಮೀಟರ್ 70ಕ್ಕಿಂತ ಕೆಳಗೆ ತೋರಿದರೆ, ಅಲ್ಲೇ ಕುಳಿತು ಮೂರು ಟೀ ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಯಿರಿ. 15 ನಿಮಿಷ ಬಿಟ್ಟು ಮತ್ತೆ ನೋಡಿ. ಮಿರ್ಚಿ, ಮಂಡಕ್ಕಿ ಆಮೇಲೆ. ಎಣ್ಣೆ ತಿಂಡಿಯಿಂದ ಸಕ್ಕರೆ ಬೇಗ ಏರದು.

ಊಟದ ಇನ್ಸುಲಿನ್ ಅನ್ನು ಎಲೆ ಮುಂದೆ ಬಂದ ಮೇಲೆಯೇ ತೆಗೆದುಕೊಳ್ಳಿ. ಪ್ರಮಾಣ ಬದಲಿಸಬೇಕೇ ಎಂಬುದನ್ನು ಹೊರಡುವ ಮೊದಲೇ ವೈದ್ಯರಲ್ಲಿ ಕೇಳಿ.

ಜೊತೆಗಾರರಿಗೂ ಒಂದು ಮಾತು: ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ಮಗ್ಗುಲಾಗಿ ಮಲಗಿಸಿ, ತಡಮಾಡದೆ 108ಕ್ಕೆ ಕರೆ ಮಾಡಿ.