ಅಣುವಿನ ಆಕಾರ ಮತ್ತು ಬಗ್ಗಡದ ಸಾರ

ಗೋಬರ್ ಅನಿಲ ಸ್ಥಾವರದಲ್ಲಿ ಸಗಣಿಯು ಗಾಳಿಯ ಸಂಪರ್ಕವಿಲ್ಲದೆ ಕೊಳೆಯುವಾಗ ಮೀಥೇನ್, ಇಂಗಾಲದ ಡೈಆಕ್ಸೈಡ್ ಮತ್ತು ಅಮೋನಿಯ ಉಂಟಾಗುತ್ತವೆ. ಮೀಥೇನ್ ಗುಳ್ಳೆಗಳಾಗಿ ಮೇಲೆದ್ದು ಒಲೆಗೆ ಹೋಗುತ್ತದೆ. ಅಮೋನಿಯದ ಬಹುಪಾಲು ಬಗ್ಗಡದಲ್ಲಿಯೇ ಉಳಿದು ಬೆಳೆಗೆ ಸಾರಜನಕ ಒದಗಿಸುತ್ತದೆ. ಒಂದೇ ಗುಂಡಿಯಲ್ಲಿ ಹುಟ್ಟಿದ ಈ ಅನಿಲಗಳು ಬೇರೆ ಬೇರೆ ದಾರಿ ಹಿಡಿಯಲು ಅವುಗಳ ಅಣುಗಳ ರಚನೆಯೇ ಕಾರಣ. ಇದನ್ನು ಅರಿತರೆ ಬಗ್ಗಡದ ಸಾರ ಹೇಗೆ ಪೋಲಾಗುತ್ತದೆಂಬುದೂ ತಿಳಿಯುತ್ತದೆ.

ಧ್ರುವೀಯತೆ ಎಂದರೇನು?

ಪರಮಾಣುಗಳು ಎಲೆಕ್ಟ್ರಾನುಗಳನ್ನು ಹಂಚಿಕೊಂಡು ಅಣುಗಳಾಗುತ್ತವೆ. ಈ ಹಂಚಿಕೆ ಯಾವಾಗಲೂ ಸಮವಾಗಿರುವುದಿಲ್ಲ. ಆಮ್ಲಜನಕ ಮತ್ತು ಸಾರಜನಕದ ಪರಮಾಣುಗಳು ಎಲೆಕ್ಟ್ರಾನುಗಳನ್ನು ತಮ್ಮೆಡೆಗೆ ಹೆಚ್ಚಾಗಿ ಸೆಳೆಯುತ್ತವೆ. ಆಗ ಅವುಗಳ ಕಡೆ ಅಲ್ಪ ಋಣ ವಿದ್ಯುದಂಶವೂ ಇನ್ನೊಂದು ಕಡೆ ಅಲ್ಪ ಧನ ವಿದ್ಯುದಂಶವೂ ಉಂಟಾಗುತ್ತದೆ. ಇಡೀ ಅಣುವಿಗೆ ಹೀಗೆ ಧನ, ಋಣ ಎಂಬ ಎರಡು ಬದಿಗಳಿದ್ದರೆ ಅದು ಧ್ರುವೀಯ ಅಣು.

ಆದರೆ ಸೆಳೆತವಿದ್ದ ಮಾತ್ರಕ್ಕೆ ಅಣು ಧ್ರುವೀಯವಾಗದು. ಸಮಬಲದ ಎರಡು ಎತ್ತುಗಳನ್ನು ಒಂದು ದಿಮ್ಮಿಗೆ ಎದುರುಬದುರಾಗಿ ಕಟ್ಟಿ ಎಳೆಸಿದರೆ ದಿಮ್ಮಿ ಕದಲುವುದಿಲ್ಲ. ಎರಡನ್ನೂ ಓರೆಯಾಗಿ ಮುಂದಕ್ಕೆ ಎಳೆಸಿದರೆ ದಿಮ್ಮಿ ಸರಿಯುತ್ತದೆ. ಇಂಗಾಲದ ಡೈಆಕ್ಸೈಡ್ ಅಣುವಿನಲ್ಲಿ ಮೂರು ಪರಮಾಣುಗಳೂ ಒಂದೇ ನೇರದಲ್ಲಿವೆ. ಎರಡು ಕಡೆಯ ಸೆಳೆತವೂ ಒಂದನ್ನೊಂದು ರದ್ದುಮಾಡುವುದರಿಂದ ಅದು ಧ್ರುವೀಯವಲ್ಲ. ನೀರಿನ ಅಣುವಾದರೋ 104.5 ಡಿಗ್ರಿ ಕೋನದಲ್ಲಿ ಬಾಗಿದೆ. ಸೆಳೆತಗಳು ಕೂಡಿಕೊಳ್ಳುವುದರಿಂದ ನೀರು ಧ್ರುವೀಯ.

ಮೀಥೇನ್ ಮತ್ತು ಅಮೋನಿಯ

ಮೀಥೇನ್ ಅಣುವಿನಲ್ಲಿ ಇಂಗಾಲದ ಸುತ್ತ ನಾಲ್ಕು ಜಲಜನಕ ಪರಮಾಣುಗಳು ನಾಲ್ಕು ದಿಕ್ಕಿಗೆ ಸಮನಾಗಿ ಹರಡಿವೆ. ಆದ್ದರಿಂದ ಅದಕ್ಕೆ ಧನ, ಋಣ ಬದಿಗಳಿಲ್ಲ. ಅಮೋನಿಯದ ಅಣು ಮೂರು ಕಾಲಿನ ಪೀಠದಂತಿದೆ. ಮೇಲೆ ಸಾರಜನಕ, ಕೆಳಗೆ ಕಾಲುಗಳಂತೆ ಮೂರು ಜಲಜನಕ. ಹೀಗಾಗಿ ಅದು ಧ್ರುವೀಯ.

ಧ್ರುವೀಯವಾದ ನೀರು ಧ್ರುವೀಯ ಅಣುಗಳನ್ನು ಸುಲಭವಾಗಿ ಸೇರಿಸಿಕೊಳ್ಳುತ್ತದೆ. ಸಾಧಾರಣ ವಾಯು ಒತ್ತಡದಲ್ಲಿ, 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಲೀಟರು ನೀರು ಸುಮಾರು 700 ಲೀಟರು ಅಮೋನಿಯ ಅನಿಲವನ್ನು ಕರಗಿಸಿಕೊಳ್ಳಬಲ್ಲದು. ಮೀಥೇನ್ ಕರಗುವುದು ಸುಮಾರು 33 ಮಿಲಿಲೀಟರು ಮಾತ್ರ. ಇಂಗಾಲದ ಡೈಆಕ್ಸೈಡ್ ಇವೆರಡರ ನಡುವಿನದು. ಅದರ ಅಣು ಒಟ್ಟಾರೆ ಧ್ರುವೀಯವಲ್ಲದಿದ್ದರೂ ಒಳಗಿನ ಬಂಧಗಳು ಧ್ರುವೀಯವಾದ್ದರಿಂದ ಮೀಥೇನಿಗಿಂತ ಹೆಚ್ಚು ಕರಗುತ್ತದೆ. ಗೋಬರ್ ಅನಿಲವನ್ನು ನೀರಿನಿಂದ ತೊಳೆದು ಶುದ್ಧಗೊಳಿಸುವ ವಿಧಾನಕ್ಕೆ ಇದೇ ಆಧಾರ.

ಸಾರ ಉಳಿಸಿಕೊಳ್ಳುವುದು ಹೇಗೆ?

ಬಗ್ಗಡದಲ್ಲಿ ಅಮೋನಿಯವು ಹೆಚ್ಚಾಗಿ ಅಮೋನಿಯಂ ರೂಪದಲ್ಲಿ ಕರಗಿರುತ್ತದೆ. ಬಿಸಿಲಿಗೆ ಕಾದು ನೀರು ಆರತೊಡಗಿದಾಗ ಅದು ಪುನಃ ಅನಿಲವಾಗಿ ಗಾಳಿ ಸೇರುತ್ತದೆ. ಮೂಗಿಗೆ ಬಡಿಯುವ ಘಾಟು ಈ ನಷ್ಟದ ಗುರುತು. ಆದ್ದರಿಂದ ಈ ಕ್ರಮಗಳನ್ನು ಅನುಸರಿಸುವುದು ಒಳ್ಳೆಯದು.

1. ಬಗ್ಗಡವನ್ನು ಬಯಲಿನಲ್ಲಿ ಹರಡಿ ಒಣಗಿಸಬಾರದು.
2. ಸಾಧ್ಯವಿದ್ದಲ್ಲಿ ಹಸಿಯಾಗಿಯೇ ನೀರಾವರಿ ಕಾಲುವೆಯ ನೀರಿನೊಡನೆ ಹೊಲಕ್ಕೆ ಬಿಡಬೇಕು.
3. ಹೊಲಕ್ಕೆ ಹಾಕಿದ ಬಗ್ಗಡವನ್ನು ತಡಮಾಡದೆ ಮಣ್ಣಿನಲ್ಲಿ ಬೆರೆಸಬೇಕು. ಬಿಸಿಲು ಇಳಿದ ಸಂಜೆಯ ಹೊತ್ತು ಉತ್ತಮ.
4. ಕೂಡಿಡುವುದಾದರೆ ನೆರಳಿನ ಗುಂಡಿಯಲ್ಲಿ ಕಸಕಡ್ಡಿ, ಒಣ ಎಲೆಗಳೊಡನೆ ಪದರ ಪದರವಾಗಿ ಹಾಕಿ ಮೇಲೆ ಮಣ್ಣು ಮುಚ್ಚಬೇಕು.

ಒಲೆಗೆ ಅನಿಲ ಕೊಟ್ಟ ಸಗಣಿಯ ಸಾರಜನಕ ಬಗ್ಗಡದಲ್ಲಿಯೇ ಉಳಿದಿರುತ್ತದೆ. ಅದನ್ನು ಗಾಳಿಗೆ ಬಿಡದೆ ಮಣ್ಣಿಗೆ ಸೇರಿಸಿದರೆ ಗೊಬ್ಬರಕ್ಕಾಗಿ ಮಾಡುವ ಖರ್ಚು ಅಷ್ಟರಮಟ್ಟಿಗೆ ಉಳಿಯುತ್ತದೆ.