ಗ್ರಾಮೀಣ ಶಾಲಾಮಕ್ಕಳ ದಂತಾರೋಗ್ಯ: ಆರನೆಯ ವರ್ಷದ ಹಲ್ಲು

ಮಗುವಿಗೆ ಕಣ್ಣು ಕೆಂಪಾದರೆ ವೈದ್ಯರಲ್ಲಿಗೆ ಧಾವಿಸುವ ತಂದೆತಾಯಿಗಳು, ಹಲ್ಲುನೋವೆಂದರೆ ಮಾತ್ರ ಲವಂಗವೊಂದನ್ನು ಒತ್ತಿಟ್ಟು ಮಲಗಿಸಿಬಿಡುತ್ತಾರೆ. “ಹೇಗೂ ಬಿದ್ದುಹೋಗುವ ಹಲ್ಲು ತಾನೆ?” ಎಂಬ ಸಮಾಧಾನವು ನಮ್ಮ ಹಳ್ಳಿಗಳಲ್ಲಿ ಇಂದಿಗೂ ಕೇಳಿಬರುತ್ತದೆ. ಈ ಲೇಖಕನು ದಂತವೈದ್ಯನಲ್ಲ. ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಇರುವವನು. ಆದರೂ ಮುಂಬಯಿ ಕನ್ನಡಿಗರ ಮನೆಗಳಿಗೂ ಊರಿನ ಶಾಲೆಗಳಿಗೂ ಇರುವ ನಂಟನ್ನು ಬಲ್ಲವನಾದುದರಿಂದ ಈ ವಿಷಯವನ್ನು ವಾಚಕರ ಮುಂದಿಡುತ್ತಿದ್ದಾನೆ.

ಹಾಲುಹಲ್ಲುಗಳು ಇಪ್ಪತ್ತು. ಅವು ಬಿದ್ದು ಹೊಸವು ಹುಟ್ಟುವುದು ನಿಜ. ಆದರೆ ಸುಮಾರು ಆರನೆಯ ವರ್ಷದಲ್ಲಿ, ಅಂದರೆ ಮಗು ಒಂದನೆಯ ತರಗತಿಗೆ ಸೇರುವ ವೇಳೆಗೆ, ಹಾಲುಹಲ್ಲುಗಳ ಸಾಲಿನ ಹಿಂದೆ ಮೇಲೆರಡು, ಕೆಳಗೆರಡು ದವಡೆಹಲ್ಲುಗಳು ಮೂಡುತ್ತವೆ. ಯಾವ ಹಲ್ಲೂ ಬೀಳದೆ ಇವು ಬರುವುದರಿಂದ ಮನೆಯವರ ಗಮನಕ್ಕೆ ಬರುವುದು ಅಪರೂಪ. ಬಂದರೂ ಹಾಲುಹಲ್ಲೆಂದೇ ಎಣಿಸುತ್ತಾರೆ. ವಾಸ್ತವವಾಗಿ ಇವು ಶಾಶ್ವತ ದಂತಗಳು. ಇವು ಹೋದರೆ ಬೇರೆ ಹುಟ್ಟುವುದಿಲ್ಲ. ಇವುಗಳ ಮೇಲ್ಮೈಯ ಆಳವಾದ ಗೀರುಗಳಲ್ಲಿ ಆಹಾರದ ಕಣಗಳು ತಂಗುತ್ತವೆ. ಬಾಯಿಯ ಸೂಕ್ಷ್ಮಾಣುಗಳು ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಆಮ್ಲವು ಹಲ್ಲಿನ ಹೊರಕವಚವಾದ ಎನಾಮಲನ್ನು ಕರಗಿಸುತ್ತದೆ. ಜೊಲ್ಲು ಅರ್ಧ-ಒಂದು ಗಂಟೆಯಲ್ಲಿ ಆಮ್ಲವನ್ನು ಶಮನಗೊಳಿಸಿ, ಆದ ನಷ್ಟವನ್ನು ತಕ್ಕಮಟ್ಟಿಗೆ ತುಂಬಿಕೊಡುತ್ತದೆ. ಆದುದರಿಂದಲೇ ಹಬ್ಬದ ದಿನ ಊಟದೊಡನೆ ತಿಂದ ಹೋಳಿಗೆಗಿಂತ ದಿನವಿಡೀ ಚೀಪುವ ಪೆಪ್ಪರಮಿಂಟು ಹೆಚ್ಚು ಹಾನಿಕರ. ಜಮೆಗೆ ಬಿಡುವೇ ಕೊಡದೆ ಹಣ ತೆಗೆಯುತ್ತಿದ್ದರೆ ಖಾತೆಯ ಗತಿ ಏನಾಗುವುದೆಂಬುದು ನಮ್ಮ ವೃತ್ತಿಯವರಿಗೆ ಚೆನ್ನಾಗಿ ಗೊತ್ತು!

ಭಾರತೀಯ ದಂತವೈದ್ಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ, 12 ವರ್ಷದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ದಂತಕ್ಷಯವಿರುವುದು ಕಂಡುಬಂದಿತು. ಬೆಲ್ಲದ ಚೂರೇ ಸಿಹಿಯಾಗಿದ್ದ ಹಳ್ಳಿಯಲ್ಲಿ ಇಂದು ಶಾಲೆಯೆದುರಿನ ಗೂಡಂಗಡಿಯಲ್ಲೇ ಚಾಕೊಲೇಟು, ಕ್ರೀಮ್ ಬಿಸ್ಕತ್ತು ದೊರೆಯುತ್ತವೆ. ಹಲ್ಲಿನ ವೈದ್ಯರು ಮಾತ್ರ ತಾಲೂಕು ಕೇಂದ್ರದಲ್ಲಿ. ಮೇ ತಿಂಗಳಲ್ಲಿ ಊರಿಗೆ ಹೊರಡುವ ಮುಂಬಯಿಗನ ಚೀಲದಲ್ಲೂ ಮಕ್ಕಳಿಗೆಂದು ಮಿಠಾಯಿಯೇ ತುಂಬಿರುತ್ತದೆ. ಹಲ್ಲುಜ್ಜುವ ಬ್ರಷ್ಷು ಉಡುಗೊರೆಯಾಗಿ ಹೋದುದನ್ನು ಕಂಡವರು ವಿರಳ.

ಮಾವಿನೆಲೆ, ಬೇವಿನಕಡ್ಡಿಗಳನ್ನು ಹಳಿಯುವುದು ಸಲ್ಲದು. ಆದರೆ ದವಡೆಯ ಹಿಂಭಾಗದ ಆ ಗೀರುಗಳಿಗೆ ಅವು ತಲುಪುವುದು ಕಷ್ಟ. ಇದ್ದಿಲು, ಇಟ್ಟಿಗೆಪುಡಿಗಳು ಎನಾಮಲನ್ನೇ ಸವೆಸುತ್ತವೆ. ತಂಬಾಕು ಬೆರೆತ ದಂತಮಂಜನವನ್ನು ಸರಕಾರವು 1992ರಲ್ಲೇ ನಿಷೇಧಿಸಿದ್ದರೂ, ಸುಟ್ಟ ತಂಬಾಕಿನ ಮಿಶ್ರಿಯಿಂದ ಹಲ್ಲುಜ್ಜುವ ಚಟ ಮಹಾರಾಷ್ಟ್ರದ ಹಳ್ಳಿಗಳಿಂದ ಪೂರ್ತಿಯಾಗಿ ತೊಲಗಿಲ್ಲ. ಮೆದುವಾದ ಬ್ರಷ್ಷು, ಬಟಾಣಿಕಾಳಿನಷ್ಟು ಫ್ಲೋರೈಡ್ ಪೇಸ್ಟು, ಬೆಳಿಗ್ಗೆ ಒಮ್ಮೆ ಮತ್ತು ಮಲಗುವ ಮುನ್ನ ಒಮ್ಮೆ ಉಜ್ಜುವುದು — ಇಷ್ಟು ಸಾಕು. ನಿದ್ರೆಯಲ್ಲಿ ಜೊಲ್ಲು ಕಡಮೆಯಾಗುವುದರಿಂದ ರಾತ್ರಿಯ ಸರದಿಯೇ ಮುಖ್ಯವಾದುದು. ಏಳೆಂಟು ವರ್ಷದವರೆಗೆ ಹಿರಿಯರು ನಿಂತು ಉಜ್ಜಿಸಬೇಕು.

ಇಲ್ಲೊಂದು ಎಚ್ಚರಿಕೆಯೂ ಅವಶ್ಯ. ಪಾವಗಡ, ಮುಂಡರಗಿ ಮೊದಲಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಅಧಿಕ. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದ ನೀರನ್ನು ಎಳವೆಯಿಂದ ಕುಡಿದ ಮಕ್ಕಳ ಹಲ್ಲುಗಳ ಮೇಲೆ ಕಂದುಕಲೆ ಮೂಡುತ್ತದೆ. ಹಲ್ಲು ದವಡೆಯೊಳಗೆ ರೂಪುಗೊಳ್ಳುವಾಗಲೇ ಆದ ದೋಷವಾದುದರಿಂದ ಎಷ್ಟು ಉಜ್ಜಿದರೂ ಅದು ಹೋಗದು. ಅಂಥ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ “ಹಲ್ಲುಜ್ಜದವನು” ಎಂದು ಜರಿಯುವುದು ಅನ್ಯಾಯ. ಅಲ್ಲಿ ಬದಲಾಗಬೇಕಾದುದು ಕುಡಿಯುವ ನೀರು.

ಶಾಲೆಗಳಲ್ಲಿ ಬಿಸಿಯೂಟದ ಮುನ್ನ ಕೈತೊಳೆಯುವ ಅಭ್ಯಾಸ ಬೇರೂರುತ್ತಿದೆ. ಊಟದ ನಂತರ ಬಾಯಿ ಮುಕ್ಕಳಿಸುವ ನಮ್ಮ ಹಳೆಯ ಪದ್ಧತಿಯನ್ನೂ ಅದಕ್ಕೆ ಸೇರಿಸಿದರೆ ಕಾಸಿನ ಖರ್ಚಿಲ್ಲ. 2013ರ ಫೆಬ್ರವರಿಯಲ್ಲಿ ಇಲ್ಲೇ ನೆರೆಯ ಪಾಲ್ಘರಿನಲ್ಲಿ ಉದ್ಘಾಟನೆಗೊಂಡ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಶಾಲೆಗೆ ಬರುವ ವೈದ್ಯತಂಡವು ಹಲ್ಲುಗಳನ್ನೂ ಪರೀಕ್ಷಿಸಬೇಕೆಂದಿದೆ. ತಂಡ ಬರುವ ದಿನ ಮಗು ಶಾಲೆಗೆ ತಪ್ಪದಂತೆ ನೋಡಿಕೊಳ್ಳಲು ಊರಿನವರಿಗೆ ಒಂದು ಫೋನು ಸಾಕು.

ಆರನೆಯ ವರ್ಷದ ಹಲ್ಲಿನ ಗೀರುಗಳಿಗೆ ಹುಳುಕು ಹಿಡಿಯುವ ಮುನ್ನವೇ ತೆಳುವಾದ ಲೇಪವನ್ನು ತುಂಬಿ ಮುಚ್ಚಬಹುದು. ಕೊರೆಯಬೇಕಾಗಿಲ್ಲ, ನೋವಿಲ್ಲ. ರಜೆಯಲ್ಲಿ ಮುಂಬಯಿಗೆ ಬರುವ ಅಣ್ಣ-ತಮ್ಮಂದಿರ ಮಕ್ಕಳನ್ನು ಚೌಪಾಟಿಗೆ ಕರೆದೊಯ್ಯುವ ಮೊದಲು ಮುಂಬಯಿ ಸೆಂಟ್ರಲಿನ ನಾಯರ್ ದಂತ ಮಹಾವಿದ್ಯಾಲಯಕ್ಕೆ ಕರೆದೊಯ್ಯಬಹುದು. ನಗರಪಾಲಿಕೆಯದಾದುದರಿಂದ ವೆಚ್ಚ ಅಲ್ಪ. ಊರಿನಲ್ಲೇ ಇರುವವರಿಗೆ ಮಣಿಪಾಲ, ದೇರಳಕಟ್ಟೆ, ಧಾರವಾಡಗಳ ದಂತ ಮಹಾವಿದ್ಯಾಲಯಗಳಿವೆ.