ಹಳೇ ಕಾರು ಕೊಳ್ಳುವ ಮುನ್ನ ಬ್ರೇಕ್ ತುಳಿದು ನೋಡಿ

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಎಸಿ, ಟೈರು. ಬ್ರೇಕಿನ ಮಾತು ಬರುವುದು ದುಡ್ಡು ಎಣಿಸಿ ಕೊಟ್ಟ ಮೇಲೆ. ನಾನೂ ಹಾಗೇ ಮಾಡಿದ್ದೆ. ಮೂರನೇ ವಾರ ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುವಾಗ ಪೆಡಲ್ ಹತ್ತಿ ದಿಂಬಿನ ಹಾಗೆ ಒಳಕ್ಕೆ ಹೋಯಿತು. ಹಿಂದಿನ ಸೀಟಿನಲ್ಲಿ ಅಮ್ಮ, ಮಗಳು. ಎರಡನೇ ಗೇರಿಗೆ ಇಳಿಸಿ, ಹ್ಯಾಂಡ್ ಬ್ರೇಕ್ ಮೆಲ್ಲಗೆ ಎಳೆಯುತ್ತ ಗುಡ್ಡದ ಬದಿಗೆ ನಿಲ್ಲಿಸಿದೆ. ಕೈ ನಡುಗುವುದು ನಿಲ್ಲಲು ಅರ್ಧ ಗಂಟೆ ಬೇಕಾಯಿತು. ಅಂಥ ಅರ್ಧ ಗಂಟೆ ಯಾರಿಗೂ ಬರಬಾರದೆಂದು ಇದನ್ನು ಬರೆಯುತ್ತಿದ್ದೇನೆ.

1. ಚೌಕಾಸಿಗೆ ಮೊದಲು ಪೆಡಲ್. ಎಂಜಿನ್ ಆಫ್ ಇರುವಾಗಲೇ ನಾಲ್ಕೈದು ಸಲ ತುಳಿಯಿರಿ, ಪೆಡಲ್ ಗಟ್ಟಿಯಾಗುತ್ತದೆ. ಕಾಲು ತೆಗೆಯದೆ ಸ್ಟಾರ್ಟ್ ಮಾಡಿ. ಪೆಡಲ್ ತುಸು ಕೆಳಗಿಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ. ಒಂದೇ ಸಮನೆ ಒತ್ತಿ ಹಿಡಿದಾಗ ನಿಧಾನವಾಗಿ ನೆಲದ ಕಡೆಗೆ ಜಾರುತ್ತಿದ್ದರೆ ಎಲ್ಲೋ ಸೋರಿಕೆಯಿದೆ, ಇಲ್ಲವೇ ಮಾಸ್ಟರ್ ಸಿಲಿಂಡರ್ ಹೋಗಿದೆ. ಅದಕ್ಕೆ ಲೇಬರ್ ಸೇರಿ ಅಂದಾಜು 2,000ದಿಂದ 4,000 ರೂಪಾಯಿ. ಅಷ್ಟನ್ನೂ ಬೆಲೆಯಲ್ಲಿ ಇಳಿಸಿ ಕೇಳಿ.

2. ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು ಎಂದು ಕೇಳಿ. ಮಾರುವವರು ತಡವರಿಸಿದರೆ ಬದಲಾಗಿಲ್ಲ ಎಂದೇ ತಿಳಿಯಿರಿ. ನನ್ನ ಕಾರಿನ ಡಬ್ಬಿಯಲ್ಲಿದ್ದದ್ದು ಆರಿದ ಕಾಫಿ ಡಿಕಾಕ್ಷನ್ ಬಣ್ಣದ ದ್ರವ. ಹೊಸದು ತಿಳಿ ಜೇನಿನಂತಿರುತ್ತದೆ. ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ಮಾನದಂಡ. ನೀರು ಕುಡಿದ ಮೇಲೆ ಅದು 140ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಬ್ರೇಕ್ ಮೇಲೇ ಇಳಿದರೆ ಆಯಿಲ್ ಕುದಿದು ಆವಿಯ ಗುಳ್ಳೆ ಏಳುತ್ತದೆ. ದ್ರವ ಒತ್ತಿದರೆ ಕುಗ್ಗುವುದಿಲ್ಲ, ಗುಳ್ಳೆ ಕುಗ್ಗುತ್ತದೆ. ನನ್ನ ಪೆಡಲ್ ಟೊಳ್ಳಾದದ್ದು ಹೀಗೆ. ಎರಡು ವರ್ಷಕ್ಕೊಮ್ಮೆ ಬದಲಿಸಿ, ಏರ್ ತೆಗೆಸಿ. ಸಾಮಾನ್ಯವಾಗಿ ಸಾವಿರ ರೂಪಾಯಿಯ ಒಳಗೇ ಮುಗಿಯುವ ಕೆಲಸ. ಡಾಟ್ 3 ಬೇಕೋ 4 ಬೇಕೋ ಎಂಬುದು ಡಬ್ಬಿಯ ಮುಚ್ಚಳದ ಮೇಲೇ ಇರುತ್ತದೆ.

3. ಆಯಿಲ್ ಮಟ್ಟ ಇಳಿದಿದ್ದರೆ ಸುಮ್ಮನೆ ತುಂಬಿಸಬೇಡಿ. ಪ್ಯಾಡ್ ಸವೆದಾಗಲೂ ಮಟ್ಟ ಇಳಿಯುತ್ತದೆ, ಸೋರಿದಾಗಲೂ ಇಳಿಯುತ್ತದೆ. ಯಾವುದೆಂದು ಮೊದಲು ನೋಡಿ.

4. ಸದ್ದಿಗೆ ಕಿವಿ ಕೊಡಿ. ಮಳೆಗಾಲದ ಬೆಳಿಗ್ಗೆ ಮೊದಲ ಒಂದೆರಡು ಸಲ ಕರಕರ ಎಂದರೆ ಅದು ಡಿಸ್ಕ್ ಮೇಲೆ ರಾತ್ರಿ ಹಿಡಿದ ತುಕ್ಕು, ಚಿಂತೆಯಿಲ್ಲ. ದಿನವಿಡೀ ಕೀಚಲು ದನಿ ಬಂದರೆ ಪ್ಯಾಡ್ ತೆಗೆಸಿ ನೋಡಿ. ಉಜ್ಜುವ ಪದರ 3 ಮಿಲಿಮೀಟರಿಗೆ ಬಂದಿದ್ದರೆ ಬದಲಿಸಿ. ಸಣ್ಣ ಕಾರಿಗೆ ಮುಂದಿನ ಸೆಟ್ಟು ಸುಮಾರು 1,000ದಿಂದ 2,500. ತಡಮಾಡಿದರೆ ಕಬ್ಬಿಣ ಕಬ್ಬಿಣವನ್ನು ಕೆರೆದು ಡಿಸ್ಕ್ ಹಾಳಾಗುತ್ತದೆ, ಜೋಡಿಗೆ ಇನ್ನೂ ಮೂರರಿಂದ ಆರು ಸಾವಿರ.

5. ಬ್ರೇಕ್ ಹಾಕಿದಾಗ ಸ್ಟೇರಿಂಗ್ ನಡುಗಿದರೆ ಡಿಸ್ಕ್ ಅಳೆಸಿ. ಕನಿಷ್ಠ ದಪ್ಪ ಎಷ್ಟಿರಬೇಕೆಂದು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಕೊರೆದಿರುತ್ತಾರೆ. ಅದಕ್ಕಿಂತ ತೆಳುವಾಗಿದ್ದರೆ ಲೇತಿಗೆ ಕೊಡಬೇಡಿ, ಎರಡೂ ಕಡೆ ಹೊಸದು ಹಾಕಿಸಿ.

6. ಕಾರು ಒಂದು ಪಕ್ಕಕ್ಕೆ ಎಳೆಯುತ್ತಿದೆಯೇ? ಎಷ್ಟೋ ಸಲ ಕ್ಯಾಲಿಪರ್ ಪಿನ್ ಒಣಗಿ ಹಿಡಿದುಕೊಂಡಿರುತ್ತದೆ. ಬಿಚ್ಚಿ, ತೊಳೆದು, ಅದಕ್ಕೆಂದೇ ಬರುವ ಗ್ರೀಸ್ ಹಚ್ಚಿದರೆ ಸಾಕು. ಕೆಲವು ನೂರು ರೂಪಾಯಿಯ ಲೇಬರ್. ಕ್ಯಾಲಿಪರನ್ನೇ ಬದಲಿಸಬೇಕು ಎನ್ನುವವರಿಗೆ ಮೊದಲು ಪಿನ್ ತೋರಿಸಿ ಎನ್ನಿ.

7. ಹಿಂದಿನ ಡ್ರಮ್ ಮರೆಯಬೇಡಿ. ನಮ್ಮ ಬಹುತೇಕ ಸಣ್ಣ ಕಾರುಗಳಿಗೆ ಮುಂದೆ ಡಿಸ್ಕ್, ಹಿಂದೆ ಡ್ರಮ್. ಡ್ರಮ್ ಮುಚ್ಚಿದ ಡಬ್ಬಿ, ಒಳಗಿನದು ಕಾಣುವುದಿಲ್ಲ. ವೀಲ್ ಸಿಲಿಂಡರ್ ಸೋರಿ ಶೂ ನೆನೆದಿದ್ದರೂ ಗೊತ್ತಾಗುವುದಿಲ್ಲ. ನೆನೆದ ಶೂ ಒರೆಸಿ ಹಾಕುವವರಿದ್ದಾರೆ. ಒಪ್ಪಬೇಡಿ. ಶೂ, ಸಿಲಿಂಡರ್ ಎರಡೂ ಸೇರಿ ಎರಡು ಮೂರು ಸಾವಿರ ಆಗಬಹುದು.

8. ಎಬಿಎಸ್ ದೀಪ ನೋಡಿ. ಕೀ ತಿರುಗಿಸಿದಾಗ ಹೊತ್ತಿ ತಾನಾಗಿ ಆರಬೇಕು. ಹೊತ್ತಲೇ ಇಲ್ಲವೆಂದರೆ ಅನುಮಾನಿಸಿ, ಬಲ್ಬ್ ತೆಗೆದಿರಬಹುದು. 2019ರ ಏಪ್ರಿಲ್‌ಗಿಂತ ಹಳೆಯ ಕಾರುಗಳಲ್ಲಿ ಎಬಿಎಸ್ ಇಲ್ಲದೆಯೂ ಇರಬಹುದು, ಕೇಳಿ ತಿಳಿದುಕೊಳ್ಳಿ.

9. ಬಿಡಿಭಾಗ ನೀವೇ ತನ್ನಿ. ಬೆಂಗಳೂರಿನವರಿಗೆ ಜೆ.ಸಿ. ರಸ್ತೆ ಇದೆ. ಬಿಲ್ ಇಲ್ಲದ ಅಗ್ಗದ ಪ್ಯಾಡ್ ಮಾತ್ರ ಬೇಡ. ಕೆಲಸವಾದ ಮೇಲೆ ಹಳೆಯದನ್ನು ಕೈಗೆ ಕೇಳಿ ಪಡೆಯಿರಿ.

10. ಹೊಸ ಪ್ಯಾಡ್ ಕೂರಿಸುವಾಗ ಪಿಸ್ಟನ್ ಹಿಂದಕ್ಕೆ ತಳ್ಳಿರುತ್ತಾರೆ, ಮೊದಲ ತುಳಿತಕ್ಕೆ ಬ್ರೇಕ್ ಹಿಡಿಯುವುದೇ ಇಲ್ಲ. ಗ್ಯಾರೇಜಿನಿಂದ ಗಾಡಿ ಕದಲಿಸುವ ಮುನ್ನ, ನಿಂತಲ್ಲೇ, ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ.